ಮರಿ ಭೇದಿ ಮಾಡ್ತಿದೆ, ಲ್ಯಾಬಿಗೆ ಏನು ಕಳಿಸ್ಲಿ?

(ಕುಶಾಲನಗರದ ಹತ್ರ ಹಂದಿ ಸಾಕೋರ ಒಂದು ಸಭೆಲಿ ನಾನು ಮಾತಾಡಿದ್ದು ಇದು. ಮೈಕು ಮಧ್ಯದಲ್ಲಿ ಎರಡು ಸಲ ಕೈ ಕೊಡ್ತು, ಹಾಗಾಗಿ ಯಾರೋ ಫೋನಲ್ಲಿ ರೆಕಾರ್ಡ್ ಮಾಡಿದ್ದನ್ನ ಕೇಳ್ಕೊಂಡು, ಬಿಟ್ಟುಹೋದ ಕಡೆ ನೆನಪಿಂದ ತುಂಬಿಸಿ ಬರೆದಿದೀನಿ. ಮಾತಾಡಿದ ಹಾಗೇ ಬಿಟ್ಟಿದೀನಿ, ತಿದ್ದೋಕೆ ಹೋಗಿಲ್ಲ.)

ಎಲ್ರಿಗೂ ನಮಸ್ಕಾರ. ಊಟಕ್ಕೆ ಅರ್ಧ ಗಂಟೆ ಮುಂಚೆ, ಅದೂ ಹಿಂದುಗಡೆ ಪಂದಿ ಕರಿ ಬೇಯ್ತಿರೋ ವಾಸನೆ ಬರ್ತಿರೋವಾಗ, ಹಂದಿ ಭೇದಿ ಬಗ್ಗೆ ಮಾತಾಡಿ ಅಂತ ನನ್ನ ನಿಲ್ಲಿಸಿದಾರೆ. ಸಂಘಟಕರ ಧೈರ್ಯ ಮೆಚ್ಚಬೇಕು.

ನನಗೆ ಬರೋ ಫೋನು ಹೆಚ್ಚು ಕಮ್ಮಿ ಒಂದೇ ಥರ ಇರುತ್ತೆ. "ಡಾಕ್ಟ್ರೇ, ಮರಿ ಭೇದಿ ಮಾಡ್ತಿದೆ, ಯಾವ ಪುಡಿ ಹಾಕ್ಲಿ?" ಮರಿಗೆ ಎಷ್ಟು ದಿನ ಅಂತ ಕೇಳ್ತೀನಿ. "ಚಿಕ್ಕದು ಡಾಕ್ಟ್ರೇ." ಚಿಕ್ಕದು ಅಂದ್ರೆ ಎಷ್ಟಪ್ಪಾ, ಮೂರು ದಿನಾನಾ ಮೂರು ವಾರಾನಾ? "ಅದೇ, ಇನ್ನೂ ಹಾಲು ಕುಡೀತಿದೆ." ಈ ಮೂರು ದಿನಕ್ಕೂ ಮೂರು ವಾರಕ್ಕೂ ಇರೋ ವ್ಯತ್ಯಾಸದಲ್ಲೇ ಅರ್ಧ ಉತ್ತರ ಇದೆ, ಆದ್ರೆ ಅದನ್ನ ಬಿಟ್ಟು ನಾವು ಪುಡಿ ಹೆಸರು ಕೇಳ್ತೀವಿ. ಹುಟ್ಟಿ ಮೂರ್ನಾಲ್ಕು ದಿನದ ಒಳಗೆ ಭೇದಿ ಅಂದ್ರೆ ನನ್ನ ತಲೆಗೆ ಮೊದಲು ಬರೋದು ಇ. ಕೋಲೈ ಮತ್ತೆ ಕ್ಲಾಸ್ಟ್ರಿಡಿಯಂ ಅನ್ನೋ ಬ್ಯಾಕ್ಟೀರಿಯಾಗಳು. ವಾರ ದಾಟಿದೆ, ಮರಿ ಸಾಯ್ತಿಲ್ಲ, ಆದ್ರೆ ಹಳದಿ ಪೇಸ್ಟ್ ಥರ ಹೋಗ್ತಿದೆ, ಯಾವ ಆಂಟಿಬಯೋಟಿಕ್ಕಿಗೂ ಬಗ್ತಿಲ್ಲ ಅಂದ್ರೆ ಅದು ಬ್ಯಾಕ್ಟೀರಿಯಾನೇ ಅಲ್ದೆ ಇರಬಹುದು, ಕಾಕ್ಸಿಡಿಯಾ ಅಂತ ಒಂದು ಪರಾವಲಂಬಿ ಇದೆ, ಅದು ಆಂಟಿಬಯೋಟಿಕ್ ಕಂಡ್ರೆ ನಗುತ್ತೆ. ತಾಯಿಯಿಂದ ಬಿಡಿಸಿದ ವಾರ ಹತ್ತು ದಿನದಲ್ಲಿ ಶುರುವಾದ್ರೆ ಮತ್ತೆ ಇ. ಕೋಲೈ, ಆದ್ರೆ ಬೇರೆ ಪೈಕಿದು. ಎರಡು ತಿಂಗಳು ದಾಟಿದ ಹಂದಿ ಆದ್ರೆ ಸಾಲ್ಮೊನೆಲ್ಲಾ, ಲಾಸೋನಿಯಾ, ಬ್ರಾಕಿಸ್ಪೈರಾ, ಈ ಮೂರು ಬ್ಯಾಕ್ಟೀರಿಯಾ ಕಡೆ ನೋಡ್ಬೇಕು. ಹೆಸರುಗಳು ಬಾಯಿಗೆ ಸಿಗಲ್ಲ ಗೊತ್ತು, ಒಂದೊಂದಾಗಿ ಬರ್ತೀನಿ.

ಅದಕ್ಕೂ ಮುಂಚೆ ಒಂದು ರಿಪೋರ್ಟ್ ಕಥೆ ಹೇಳ್ಬೇಕು. ಹಾಸನದ ಕಡೆ ಒಬ್ರು, ಮೂವತ್ತು ತಾಯಿ ಹಂದಿ ಇಟ್ಟಿದ್ರು, ಒಳ್ಳೆ ಯಾರ್ಕ್‌ಶೈರ್ ಕ್ರಾಸು. ಮೂರು ನಾಲ್ಕು ತಿಂಗಳ ಹಂದಿಗಳು ಸಮ ಬೆಳೀತಿಲ್ಲ, ಒಂದೇ ಸೂಲಿನ ಮರಿ ಒಂದು ಐವತ್ತು ಕೆಜಿ ಇದ್ರೆ ಇನ್ನೊಂದು ಮೂವತ್ತೂ ಇಲ್ಲ, ಮಲ ಸಿಮೆಂಟ್ ಗಾರೆ ಥರ ತೆಳ್ಳಗೆ, ರಕ್ತ ಇಲ್ಲ. ಒಂದು ಖಾಸಗಿ ಲ್ಯಾಬಿಗೆ ಕಳಿಸಿದ್ರು. ರಿಪೋರ್ಟ್ ಬಂತು, "ಇ. ಕೋಲೈ ಬೆಳೆದಿದೆ", ಕೆಳಗಡೆ ಹನ್ನೆರಡು ಔಷಧಿ ಹೆಸರು, ಯಾವುದಕ್ಕೆ ಸಾಯುತ್ತೆ ಯಾವುದಕ್ಕೆ ಸಾಯಲ್ಲ ಅಂತ. ಇವ್ರು ಅದ್ರಲ್ಲಿ ಮೊದಲನೇದನ್ನ ತಂದು ಐದು ತಿಂಗಳು ಮೇವಲ್ಲಿ ಬೆರೆಸಿದಾರೆ. ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್. 2019ಕ್ಕೆ ಮುಂಚಿನ ಮಾತಿದು, ಆಗ ಅಂಗಡೀಲಿ ಸಿಗ್ತಿತ್ತು. ಹಂದಿ ಹಾಗೇ ಇವೆ, ದುಡ್ಡು ಮಾತ್ರ ಕರಗಿದೆ. ನಾನು ಹೋದಾಗ ರಿಪೋರ್ಟನ್ನ ಲ್ಯಾಮಿನೇಟ್ ಮಾಡಿಸಿ ಇಟ್ಕೊಂಡಿದ್ರು ಪಾಪ.

ರಿಪೋರ್ಟ್ ಸುಳ್ಳಲ್ಲ, ಅದು ನೆನಪಿಡಿ. ಇ. ಕೋಲೈ ಬೆಳೆದಿತ್ತು. ಆದ್ರೆ ಇಲ್ಲಿ ಕೂತಿರೋ ನಮ್ಮೆಲ್ಲರ ಹೊಟ್ಟೆದು ತಗೊಂಡು ಹೋಗಿ ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸೋ ಪ್ಲೇಟಿಗೆ ಹಾಕಿದ್ರೂ ಇ. ಕೋಲೈ ಬೆಳೆಯುತ್ತೆ, ನನ್ನದೂ ಸೇರಿ. ಮದುವೆ ಮನೇಲಿ ಸರ ಕಳುವಾಯ್ತು ಅಂತ ಅಡುಗೆ ಭಟ್ಟರನ್ನ ಹಿಡಿದು ಕೂರಿಸಿದ ಹಾಗೆ, ಅವ್ರು ಅಲ್ಲಿದ್ದಿದ್ದು ನಿಜ, ಅವ್ರು ಇರಲೇಬೇಕಾದ ಜಾಗ ಅದು. ಕಡೆಗೆ ಅವ್ರ ಹತ್ರ ಬೆಳೆಯದೆ ಉಳಿದ ಒಂದು ಹಂದಿನ ಕಡಿಸೋವಾಗ ನಾನೂ ನಿಂತು ನೋಡಿದೆ. ಸಣ್ಣ ಕರುಳಿನ ಕೊನೇ ಒಂದು ಮೊಳ, ತೋಟಕ್ಕೆ ನೀರು ಬಿಡೋ ಪೈಪ್ ಥರ ದಪ್ಪ, ಬೆರಳಲ್ಲಿ ಒತ್ತಿದ್ರೆ ಗಟ್ಟಿ, ಸೀಳಿದ್ರೆ ಒಳಗೆ ಮಡಿಕೆ ಮಡಿಕೆ, ಹತ್ತಿರ ಹತ್ತಿರ ಮೆದುಳು ಕಂಡ ಹಾಗೆ. ಲಾಸೋನಿಯಾ ಅಂತ ಅಲ್ಲೇ ತೊಂಬತ್ತು ಪರ್ಸೆಂಟ್ ಗೊತ್ತಾಯ್ತು, ಉಳಿದ ಹತ್ತಕ್ಕೆ ತುಂಡು ಮಾಡಿ, ಕೊಳೆಯದ ಹಾಗೆ ಇಡೋ ಫಾರ್ಮಲಿನ್‌ಗೂ, ಕ್ರಿಮಿಯ ಜೀನ್ ಹುಡುಕೋ ಪಿಸಿಆರ್ ಪರೀಕ್ಷೆಗೂ ಕಳಿಸಿದ್ವಿ, ಲಾಸೋನಿಯಾ ಅಂತಾನೇ ಬಂತು. ಈ ಲಾಸೋನಿಯಾ ಮೇಲೆ ಕೊಲಿಸ್ಟಿನ್ ಏನೂ ಮಾಡಲ್ಲ. ಐದು ತಿಂಗಳು ಭಟ್ಟರಿಗೆ ಹೊಡೆದಿದ್ದೇ ಬಂತು.

ಈ ತಪ್ಪು ನಮ್ಮದು ಮಾತ್ರ ಅಂದ್ಕೋಬೇಡಿ. ದೊಡ್ಡ ದೊಡ್ಡೋರೇ ಮಾಡಿದಾರೆ. ಅಮೆರಿಕಾದಲ್ಲಿ 1885ರಲ್ಲಿ ಹಂದಿಗಳು ಸಾಲು ಸಾಲು ಸಾಯ್ತಿದ್ವು, ಹಾಗ್ ಕಾಲರಾ ಅಂತಿದ್ರು, ನಾವು ಇವತ್ತು ಹಂದಿ ಜ್ವರ ಅಂತೀವಲ್ಲ ಅದೇ. ಡೇನಿಯಲ್ ಸಾಲ್ಮನ್ ಅಂತ ಪಶುವೈದ್ಯರು ಅಲ್ಲಿನ ಸರ್ಕಾರಿ ಪಶು ಇಲಾಖೆ ಮುಖ್ಯಸ್ಥರು, ಅವ್ರ ಕೈ ಕೆಳಗೆ ಥಿಯೊಬಾಲ್ಡ್ ಸ್ಮಿತ್. ಸತ್ತ ಹಂದಿಗಳಿಂದ ಒಂದು ಬ್ಯಾಕ್ಟೀರಿಯಾ ತೆಗೆದ್ರು, ಇದೇ ಹಾಗ್ ಕಾಲರಾಗೆ ಕಾರಣ ಅಂತ ಘೋಷಣೆ ಆಯ್ತು. ಸುಮಾರು ಇಪ್ಪತ್ತು ವರ್ಷ ಜಗತ್ತು ಅದನ್ನೇ ನಂಬಿತ್ತು. ಆಮೇಲೆ 1903ರ ಹೊತ್ತಿಗೆ ಅದೇ ಇಲಾಖೆಯ ಡಿ ಶ್ವೈನಿಟ್ಜ್ ಮತ್ತೆ ಡಾರ್ಸೆಟ್ ಏನು ಮಾಡಿದ್ರು ಅಂದ್ರೆ, ಕಾಯಿಲೆ ಹಂದಿ ರಕ್ತನ ಬ್ಯಾಕ್ಟೀರಿಯಾ ದಾಟಕ್ಕಾಗದಷ್ಟು ಸಣ್ಣ ಫಿಲ್ಟರಲ್ಲಿ ಸೋಸಿ, ಆ ಸೋಸಿದ ನೀರನ್ನ ಆರೋಗ್ಯವಂತ ಹಂದಿಗೆ ಚುಚ್ಚಿದ್ರು, ಕಾಯಿಲೆ ಬಂದೇ ಬಂತು. ಅಂದ್ರೆ ಅಸಲಿ ಕಳ್ಳ ವೈರಸ್ಸು. ಆ ಬ್ಯಾಕ್ಟೀರಿಯಾ ಏನು, ಹಂದಿ ಸೊರಗಿದ ಮೇಲೆ ಒಳಗೆ ನುಗ್ಗಿದ್ದು. ಅದೂ ಸಾಧು ಅಲ್ಲ, ತನ್ನಷ್ಟಕ್ಕೇ ಹಂದಿ ಸಾಯಿಸುತ್ತೆ, ಆದ್ರೆ ಈ ಕೇಸಲ್ಲಿ ಮೊದಲನೇ ಆರೋಪಿ ಅದಲ್ಲ. ಆ ಗುಂಪಿಗೇ ಆಮೇಲೆ ಸಾಲ್ಮೊನೆಲ್ಲಾ ಅಂತ ಹೆಸರಿಟ್ರು. ಸಾಲ್ಮನ್ ಮೀನಿಗೂ ಇದಕ್ಕೂ ಸಂಬಂಧ ಇಲ್ಲ, ಸಾಹೇಬ್ರ ಹೆಸರು. ಮೈಕ್ರೋಸ್ಕೋಪ್ ಮುಂದೆ ಕೂತು ಕಣ್ಣು ನೋಯಿಸ್ಕೊಂಡಿದ್ದು ಸ್ಮಿತ್ತು, ಬೋರ್ಡ್ ಮೇಲೆ ಬಂದಿದ್ದು ಸಾಹೇಬ್ರು. ಯಾವ ಆಫೀಸಲ್ಲಿ ಕೆಲಸ ಮಾಡಿದೋರಿಗೂ ಇದನ್ನ ವಿವರಿಸೋದು ಬೇಡ.

ಲಾಸೋನಿಯಾದ್ದು ಇದಕ್ಕೆ ಉಲ್ಟಾ ಕಥೆ. ಕಾಯಿಲೆ ಕಣ್ಣಿಗೆ ಕಾಣ್ತಿದೆ, ಕ್ರಿಮಿ ಸಿಗ್ತಿಲ್ಲ. ಆ ದಪ್ಪ ಕರುಳನ್ನ ಅಮೆರಿಕಾದ ಅಯೋವಾದಲ್ಲಿ 1931ರಲ್ಲೇ ಬರೆದಿಟ್ಟಿದಾರೆ. 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ಗೋರ್ಡನ್ ಲಾಸನ್ ಅನ್ನೋರು, ಜೊತೆಗೆ ರೋಲ್ಯಾಂಡ್, ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಕರುಳಿನ ಜೀವಕೋಶದ ಒಳಗೇ ಬಾಗಿದ ಕಡ್ಡಿ ಥರ ಬ್ಯಾಕ್ಟೀರಿಯಾ ತುಂಬ್ಕೊಂಡಿವೆ. ಆದ್ರೆ ಪ್ಲೇಟ್ ಮೇಲೆ ಹಾಕಿದ್ರೆ ಅದು ಬೆಳೆಯಲ್ಲ, ಪಕ್ಕದಲ್ಲಿದ್ದ ಕ್ಯಾಂಪೈಲೋಬ್ಯಾಕ್ಟರ್ ಬೆಳೆಯುತ್ತೆ. ಸರಿ ಇದೇ ಇರಬೇಕು ಅಂತ ಅದನ್ನ ಬೆಳೆಸಿ ಹಂದಿಗೆ ಕುಡಿಸಿದ್ರು, ಕಾಯಿಲೆ ಬರಲಿಲ್ಲ. ಯಾಕಂದ್ರೆ ಲಾಸೋನಿಯಾ ಜೀವಂತ ಕೋಶದ ಒಳಗೆ ಮಾತ್ರ ಬದುಕೋದು, ಮನೆ ಬಿಟ್ಟು ಹೊರಗೆ ಸಂಸಾರ ಮಾಡಲ್ಲ. 1993ರಲ್ಲಿ ಇಲಿ ಕರುಳಿನ ಕೋಶಗಳನ್ನ ಲ್ಯಾಬಲ್ಲಿ ಬೆಳೆಸಿ ಅದ್ರೊಳಗೆ ಇದನ್ನ ಸಾಕಿದ್ಮೇಲೇ ಕೈಗೆ ಸಿಕ್ಕಿದ್ದು, 1995ರಲ್ಲಿ ಹೆಸರು. ಲೆಕ್ಕ ಹಾಕಿ, 62 ವರ್ಷ. ಹಾಗಾಗಿ ಯಾವುದಾದ್ರೂ ಲ್ಯಾಬು ಮಾಮೂಲಿ ಕಲ್ಚರ್, ಅಂದ್ರೆ ಪ್ಲೇಟ್ ಮೇಲೆ ಬೆಳೆಸೋ ಪರೀಕ್ಷೆ, ಮಾಡಿ "ಲಾಸೋನಿಯಾ ಇಲ್ಲ" ಅಂದ್ರೆ ಆ ಮಾತಿಗೆ ಬೆಲೆ ಇಲ್ಲ. ಬಲೆಗೆ ಬೀಳದ ಮೀನಿಗೆ ಅದೇ ಬಲೆ ಹಾಕಿ ಕೆರೇಲಿ ಮೀನಿಲ್ಲ ಅಂದ ಹಾಗೆ. ಅದಕ್ಕೆ ಪಿಸಿಆರ್ ಮಾಡ್ಬೇಕು, ಇಲ್ಲ ಕರುಳಿನ ತೆಳು ಪದರಕ್ಕೆ ವಿಶೇಷ ಬಣ್ಣ ಹಾಕಿ ನೋಡ್ಬೇಕು, ಇಲ್ಲ ರಕ್ತದಲ್ಲಿ ಆಂಟಿಬಾಡಿ, ಅಂದ್ರೆ ಕ್ರಿಮಿ ವಿರುದ್ಧ ಮೈ ತಯಾರಿಸಿದ ರಕ್ಷಣೆ, ಇದೆಯಾ ಅಂತ ನೋಡ್ಬೇಕು.

ಹಂಗಂತ ಪಿಸಿಆರ್ ಪಾಸಿಟಿವ್ ಬಂದ್ರೆ ಮುಗೀತು ಅಂತಾನೂ ಅಲ್ಲ. ಲಾಸೋನಿಯಾ ಜಗತ್ತಿನ ಹಂದಿ ಫಾರಂಗಳಲ್ಲಿ ಎಲ್ಲಾ ಕಡೆ ಓಡಾಡ್ತಿದೆ, ಇದೆಯಾ ಅಂತ ಕೇಳಿದ್ರೆ ಇದೆ ಅಂತಾನೇ ಉತ್ತರ ಬರೋ ಸಾಧ್ಯತೆ ಜಾಸ್ತಿ. ಎಷ್ಟಿದೆ ಅಂತ ಕೇಳ್ಬೇಕು. ಒಂದು ಗ್ರಾಂ ಮಲದಲ್ಲಿ ಸಾವಿರ ಇರೋದಕ್ಕೂ ಕೋಟಿ ಇರೋದಕ್ಕೂ ಅಜಗಜಾಂತರ, ಜಾಸ್ತಿ ಇದ್ದಷ್ಟೂ ಕರುಳು ಕೆಟ್ಟಿರೋ ಸಾಧ್ಯತೆ ಜಾಸ್ತಿ. ಕ್ವಾಂಟಿಟೇಟಿವ್ ಪಿಸಿಆರ್ ಅಂತ ಕೇಳಿ ಮಾಡಿಸಿ. ಡೆನ್ಮಾರ್ಕ್‌ನೋರು ಇದಕ್ಕೆ ಚೆಂದದ ಉಪಾಯ ಮಾಡಿದಾರೆ, ಗಂಬೂಟ್ ಮೇಲೆ ಬಟ್ಟೆ ಕಾಲುಚೀಲ ಹಾಕ್ಕೊಂಡು ಹಂದಿ ಮನೆ ತುಂಬ ಓಡಾಡೋದು, ಎಲ್ಲಾ ಹಂದಿದೂ ಸ್ವಲ್ಪ ಸ್ವಲ್ಪ ಅಂಟುತ್ತೆ, ಆ ಕಾಲುಚೀಲ ಲ್ಯಾಬಿಗೆ. ನಮ್ಮ ಕಡೆ ಇದನ್ನ ಹೇಳಿದ್ರೆ ಎಲ್ರೂ ನಗ್ತಾರೆ. ನೀವೂ ನಕ್ಕಿರಿ. ಆದ್ರೆ ಮೂವತ್ತು ಹಂದಿ ಹಿಂದೆ ಡಬ್ಬಿ ಹಿಡ್ಕೊಂಡು ಓಡೋದಕ್ಕಿಂತ ಇದು ಮರ್ಯಾದೆ ಕೆಲಸ.

ಈಗ ಹೆರಿಗೆ ಕೋಣೆಗೆ ಬರೋಣ, ನಿಮಗೆ ದುಡ್ಡು ಹೋಗೋದು ಅಲ್ಲೇ. ಎರಡು ದಿನದ ಮರಿ, ನೀರಿನ ಥರ ಹಳದಿ ಭೇದಿ, ಬಾಲ ಒದ್ದೆ, ಮೈ ಚರ್ಮ ಸುಕ್ಕು, ಕಣ್ಣು ಒಳಗೆ ಹೋಗಿದೆ. ಸತ್ತ ಕೂಡ್ಲೇ ಗೊಬ್ಬರದ ಚೀಲ ಹಾಸಿ ಹೊಟ್ಟೆ ಬಿಡಿಸಿದ್ರೆ, ಜಠರದ ತುಂಬ ಗಟ್ಟಿಯಾದ ಹಾಲು, ಮೊಸರುಗಡ್ಡೆ ಥರ. ಅಂದ್ರೆ ಮರಿ ಹಾಲು ಕುಡಿದಿದೆ, ಹಸಿವಿಂದ ಸತ್ತಿಲ್ಲ. ಕರುಳು ತೆಳ್ಳಗೆ ಬಲೂನ್ ಥರ, ಒಳಗೆ ನೀರು. ಆದ್ರೆ ಕರುಳಿನ ಗೋಡೆ ಹಾಳಾಗಿಲ್ಲ. ಇದು ಇ. ಕೋಲೈ ಗುರುತು. ಅದು ಕರುಳನ್ನ ಕೊರೆಯಲ್ಲ, ಕೊಕ್ಕೆ ಹಾಕಿ ಅಂಟ್ಕೊಂಡು ಒಂದು ವಿಷ ಬಿಡುತ್ತೆ, ಆ ವಿಷಕ್ಕೆ ಕರುಳು ನಲ್ಲಿ ತಿರುಗಿಸಿದ ಹಾಗೆ ಮೈಯ ನೀರನ್ನೆಲ್ಲ ಹೊರಗೆ ಸುರಿಯುತ್ತೆ, ಮರಿ ಒಣಗಿ ಸಾಯುತ್ತೆ. ನೀರಿನ ಜೊತೆ ಕ್ಷಾರ ಹೋಗೋದ್ರಿಂದ ಆ ಭೇದಿಗೆ ಪಿಎಚ್ ಪೇಪರ್ ಮುಟ್ಟಿಸಿದ್ರೆ ಎಂಟರ ಮೇಲೆ ತೋರ್ಸುತ್ತೆ. ರೋಟಾ ವೈರಸ್ಸೋ ಕಾಕ್ಸಿಡಿಯಾನೋ ಆದ್ರೆ ಕರುಳಿನ ಗೋಡೆ ಸವೆದು ಹಾಲು ಜೀರ್ಣ ಆಗದೆ ಹುಳಿ ಬರುತ್ತೆ, ಪೇಪರ್ ಆಮ್ಲದ ಕಡೆ ಹೋಗುತ್ತೆ. ಪಿಎಚ್ ಪೇಪರ್ ಪುಸ್ತಕ ಕಮ್ಮಿ ದುಡ್ಡಿಗೆ ಸಿಗುತ್ತೆ, ಒಂದು ತಂದಿಟ್ಕೊಳ್ಳಿ. ಇದೇ ಕೊನೇ ಮಾತಲ್ಲ, ಆದ್ರೆ ಯಾವ ದಾರಿಲಿ ಹೋಗ್ಬೇಕು ಅಂತ ಐದು ಸೆಕೆಂಡಲ್ಲಿ ಹೇಳುತ್ತೆ.

ಆ ಕೊಕ್ಕೆಗಳಿಗೆ ನಂಬರ್ ಇದೆ, ಎಫ್4, ಎಫ್5, ಎಫ್6, ಎಫ್18 ಅಂತ. ಎಫ್5, ಎಫ್6 ಕೊಕ್ಕೆ ಸಿಕ್ಕಿಸೋ ಜಾಗ ಹುಟ್ಟಿದ ಮರಿ ಕರುಳಲ್ಲಿ ಜಾಸ್ತಿ, ಬೆಳೀತಾ ಕಮ್ಮಿ ಆಗುತ್ತೆ. ಎಫ್18ದು ಅದಕ್ಕೆ ಉಲ್ಟಾ, ಮರಿ ದೊಡ್ಡದಾಗ್ತಾ ಜಾಗ ಬರುತ್ತೆ, ಅದಕ್ಕೇ ಅದು ಹಾಲು ಬಿಡಿಸಿದ ಮೇಲೆ ಕಾಟ ಕೊಡೋದು. ಎಫ್4 ಎರಡೂ ಕಡೆ ಗಿರಾಕಿ. ಕೆಲವು ಹಂದಿಗಳಿಗೆ ಹುಟ್ಟಿನಿಂದಲೇ ಆ ಜಾಗ ಇರಲ್ಲ, ಅವು ಪಕ್ಕದಲ್ಲಿ ಎಷ್ಟೇ ಭೇದಿ ಇದ್ರೂ ಆರಾಮಾಗಿ ಓಡಾಡ್ಕೊಂಡಿರ್ತವೆ. ಹಾಗಾಗಿ ಲ್ಯಾಬಿಗೆ ಬರೆಯೋವಾಗ "ಕಲ್ಚರ್ ಮಾಡಿ" ಅಂತ ಮಾತ್ರ ಬರೀಬೇಡಿ, ಇ. ಕೋಲೈ ಬೆಳೆದ್ರೆ ಅದರ ಕೊಕ್ಕೆ ಮತ್ತೆ ವಿಷದ ಜೀನ್ ಇದೆಯಾ ಅಂತ ಪಿಸಿಆರಲ್ಲಿ ನೋಡಿ ಹೇಳಿ ಅಂತ ಬರೀರಿ. ಮ್ಯಾಕಾಂಕಿ ಪ್ಲೇಟ್ ಮೇಲೆ ಗುಲಾಬಿ ಬಣ್ಣದ ಚುಕ್ಕೆ ಕಾಣೋದು ಒಳ್ಳೇ ಇ. ಕೋಲೈದೂ ಹಾಗೇ, ಕೆಟ್ಟದ್ದೂ ಹಾಗೇ. ಮುಖ ನೋಡಿ ಹೇಳಕ್ಕಾಗಲ್ಲ.

ಅದೇ ವಯಸ್ಸಲ್ಲಿ ರಕ್ತ ಭೇದಿ, ಮರಿ ಒಂದೇ ದಿನದಲ್ಲಿ ಹೋಯ್ತು, ಬಿಡಿಸಿದ್ರೆ ಸಣ್ಣ ಕರುಳು ಕಡುಗೆಂಪು, ಗೋಡೇಲಿ ಗಾಳಿ ಗುಳ್ಳೆ, ಅಂದ್ರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಟೈಪ್ ಸಿ. ಇದ್ರಲ್ಲೊಂದು ವಿಚಿತ್ರ ಇದೆ. ಇದರ ವಿಷನ ಟ್ರಿಪ್ಸಿನ್ ಅನ್ನೋ ಜೀರ್ಣರಸ ಒಡೆದು ಹಾಕುತ್ತೆ, ದೊಡ್ಡ ಹಂದಿಗೆ ಅದಕ್ಕೇ ಬರಲ್ಲ. ಆದ್ರೆ ಗಿಣ್ಣು ಹಾಲಲ್ಲಿ ಟ್ರಿಪ್ಸಿನ್ನನ್ನ ತಡೆಯೋ ಒಂದು ವಸ್ತು ಇರುತ್ತೆ, ತಾಯಿ ಕೊಡೋ ರಕ್ಷಣೆ ಮರಿ ಹೊಟ್ಟೇಲಿ ಜೀರ್ಣ ಆಗಿ ಹೋಗಬಾರದು ಅಂತ ಪ್ರಕೃತಿ ಇಟ್ಟಿದ್ದು. ಆ ಬಾಗಿಲಲ್ಲೇ ಈ ವಿಷಾನೂ ಬಚಾವಾಗಿ ಒಳಗೆ ಬರುತ್ತೆ. ಹಾಗಂತ ಗಿಣ್ಣು ಹಾಲು ಕುಡಿಸಬೇಡಿ ಅಂತ ಯಾರೂ ಅರ್ಥ ಮಾಡ್ಕೋಬೇಡಿ ದಯವಿಟ್ಟು, ಕುಡಿಯದ ಮರಿ ಇನ್ನೂ ಬೇಗ ಸಾಯುತ್ತೆ.

ಇದನ್ನ ಪತ್ತೆ ಮಾಡೋಕೆ ಲ್ಯಾಬಿಗೆ ಬೇಕಿರೋದು ಆ ವಿಷ ಇಲ್ಲ ಅದರ ಜೀನ್. ವಿಷ ಬೇಗ ಹಾಳಾಗುತ್ತೆ. ಕೆಂಪಾದ ಕರುಳಿನ ಒಂದು ಗೇಣು ತುಂಡು, ಎರಡೂ ತುದಿ ದಾರದಲ್ಲಿ ಕಟ್ಟಿ, ಒಳಗಿನ ನೀರು ಚೆಲ್ಲದ ಹಾಗೆ ಕತ್ತರಿಸಿ, ಕವರಿಗೆ ಹಾಕಿ ಐಸಲ್ಲಿಡಬೇಕು. ಸತ್ತು ಹನ್ನೆರಡು ಗಂಟೆ ಆದ ಮರಿ ತಂದ್ರೆ ಕ್ಲಾಸ್ಟ್ರಿಡಿಯಂ ಸಿಕ್ಕೇ ಸಿಗುತ್ತೆ, ಆದ್ರೆ ಅದು ಟೈಪ್ ಎ, ಎಲ್ಲಾ ಹಂದಿ ಹೊಟ್ಟೇಲಿ ಇರೋದು, ಸತ್ತ ಮೇಲೆ ಊರಿಗೆಲ್ಲ ಹಬ್ಬ ಅಂತ ಹೆಚ್ಕೊಂಡಿರುತ್ತೆ.

ಸ್ಯಾಂಪಲ್ ಬಗ್ಗೆ ನನ್ನ ಗೋಳು ಸ್ವಲ್ಪ ಕೇಳಿ. ಒಂದು ಸಲ ಏಪ್ರಿಲ್ ತಿಂಗಳು, ಬಸ್ಸಲ್ಲಿ ಒಂದು ಪಾರ್ಸೆಲ್ ಬಂತು, ಸ್ವೀಟ್ ಬಾಕ್ಸಲ್ಲಿ. ಕಂಡಕ್ಟರ್ ಬೇರೆ "ಏನ್ ಸ್ವೀಟ್ ಸಾರ್, ಹಿಂಗೆ ಸೋರ್ತಿದೆ" ಅಂತ ಕೇಳಿದ್ನಂತೆ. ಒಳಗೆ ಪ್ಲಾಸ್ಟಿಕ್ ಕವರಲ್ಲಿ ಹಂದಿ ಮರಿ, ಸತ್ತು ಎಷ್ಟು ಹೊತ್ತಾಗಿತ್ತೋ, ಬಸ್ಸಲ್ಲೇ ಏಳು ಗಂಟೆ. ಬಿಡಿಸಿದ್ರೆ ಕರುಳು ಹಸಿರು, ಕೈಗೆ ಸಿಗದಷ್ಟು ಕೊಳೆತಿದೆ. ಆದ್ರೂ ಹಾಕೋಣ ಅಂತ ಪ್ಲೇಟಿಗೆ ಹಾಕಿದ್ರೆ ಬೆಳಗ್ಗೆ ಪ್ರೋಟಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಪ್ಲೇಟ್ ಪೂರ್ತಿ ಅಲೆ ಅಲೆಯಾಗಿ ಹರಡಿ ಕೂತಿದೆ, ಅದರ ಕೆಳಗೆ ಏನಿದ್ರೂ ಕಾಣಲ್ಲ, ಕೆಟ್ಟ ವಾಸನೆ ಬೇರೆ. "ಏನೂ ಪತ್ತೆಯಾಗಿಲ್ಲ" ಅಂತ ರಿಪೋರ್ಟ್ ಕೊಟ್ವಿ, ಅವ್ರು ಸಿಟ್ಟಾಗಿ ಈ ಲ್ಯಾಬಿಗೆ ಏನೂ ಬರಲ್ಲ ಅಂತ ಎಲ್ಲಾ ಕಡೆ ಹೇಳ್ಕೊಂಡು ಬಂದ್ರು.

ಯಾವ ಮರಿ ಕೊಡಬೇಕು ಅನ್ನೋದು ಇನ್ನೊಂದು ಜಗಳ. ನೀವು ಕೊಡೋದು ಹದಿನೈದು ದಿನದಿಂದ ನರಳಿ, ಮೂರು ಥರ ಇಂಜೆಕ್ಷನ್ ತಗೊಂಡು, ಇನ್ನೇನು ಹೋಗುತ್ತೆ ಅನ್ನೋ ಪೀಚು ಮರಿ. ಅದ್ರಲ್ಲಿ ಕಾಯಿಲೆ ಶುರು ಮಾಡಿದ ಕ್ರಿಮಿ ಹೋಗಿ ಆಗಲೇ ವಾರ ಆಗಿರುತ್ತೆ. ನನಗೆ ಬೇಕಿರೋದು ಇವತ್ತು ಬೆಳಗ್ಗೆ ಭೇದಿ ಶುರುವಾದ, ಔಷಧಿ ಬೀಳದ, ನೋಡೋಕೆ ಇನ್ನೂ ಚೆನ್ನಾಗಿರೋ ಮರಿ. ಆ ಮರಿ ಕೊಡೋಕೆ ಯಾರಿಗೂ ಮನಸ್ಸು ಬರಲ್ಲ, ನನಗೂ ಕೇಳೋಕೆ ಕಷ್ಟಾನೇ. ಮರಿ ಬೇಡ ಅಂದ್ರೆ, ಔಷಧಿ ಹಾಕೋಕೆ ಮುಂಚೆ ನಾಲ್ಕೈದು ಮರಿಗಳಿಂದ ತಾಜಾ ಮಲ ಹಿಡಿದಿಡಿ. ಔಷಧಿ ಹಾಕಿದ ಮೇಲೆ ಕಲ್ಚರಿಗೆ ಕಳಿಸೋದು ಕಳ್ಳನ್ನ ಓಡಿಸಿದ ಮೇಲೆ ಪೊಲೀಸರನ್ನ ಕರೆದ ಹಾಗೆ.

ಸಾಲ್ಮೊನೆಲ್ಲಾ ರಿಪೋರ್ಟ್ ಯಾಕೆ ಐದು ದಿನ ಅಂತ ಬೈತೀರಲ್ಲ, ಕೇಳಿ. ಮಲದಲ್ಲಿ ಅದು ಕಮ್ಮಿ ಇರುತ್ತೆ, ಸೊರಗಿರುತ್ತೆ, ಸುತ್ತ ಬೇರೆ ಬ್ಯಾಕ್ಟೀರಿಯಾ ಜಾತ್ರೆ. ಮೊದಲ ದಿನ ಅದಕ್ಕೆ ಗಂಜಿ ಕುಡಿಸಿದ ಹಾಗೆ ಪೆಪ್ಟೋನ್ ನೀರಲ್ಲಿ 37 ಡಿಗ್ರೀಲಿ ಚೇತರಿಸ್ಕೊಳ್ಳೋಕೆ ಬಿಡೋದು. ಎರಡನೇ ದಿನ ಬೇರೆಯವಕ್ಕೆ ಆಗದ, ಇದಕ್ಕೆ ಮಾತ್ರ ಒಗ್ಗೋ ರಸಕ್ಕೆ ಹಾಕಿ 41.5 ಡಿಗ್ರಿ. ಮೂರನೇ ದಿನ ಎಕ್ಸ್‌ಎಲ್‌ಡಿ ಅನ್ನೋ ಕೆಂಪು ಪ್ಲೇಟ್, ಮಾರನೇ ದಿನ ತೆಗೆದ್ರೆ ಗುಲಗಂಜಿ ಚೆಲ್ಲಿದ ಹಾಗೆ, ಕೆಂಪು, ಮಧ್ಯ ಕರಿ ಚುಕ್ಕೆ. ಇಷ್ಟು ವರ್ಷ ಆದ್ರೂ ಅದನ್ನ ನೋಡಿದಾಗ ನನಗೆ ಖುಷಿ ಆಗುತ್ತೆ, ಆಗಬಾರದು, ಯಾರದೋ ನಷ್ಟ ಅದು. ಆಮೇಲೆ ಇನ್ನೂ ಖಾತ್ರಿ ಪರೀಕ್ಷೆ, ಯಾವ ಜಾತಿ ಅಂತ ಸೀರಂ ಹಾಕಿ ನೋಡೋದು. ಇನ್ನೊಂದು, ಇದು ದಿನಾ ಹೊರಗೆ ಬರಲ್ಲ. ಇವತ್ತು ನೆಗೆಟಿವ್ ಬಂದ ಹಂದಿನ ನಾಳೆ ಲಾರಿಗೆ ಹತ್ತಿಸಿ ನೂರು ಕಿಲೋಮೀಟರ್ ಕುಲುಕಿಸಿದ್ರೆ ಸುರಿಯೋಕೆ ಶುರು ಮಾಡಬಹುದು. ಹತ್ತಿ ಕಡ್ಡಿಲಿ ಒಂಚೂರು ಸವರಿ ಕಳಿಸೋದಕ್ಕಿಂತ ಇಪ್ಪತ್ತೈದು ಗ್ರಾಂ ಮಲ ಕಳಿಸಿ, ಸಿಗೋ ಸಾಧ್ಯತೆ ಜಾಸ್ತಿ.

ಇದು ಹಂದಿ ಸಮಸ್ಯೆ ಮಾತ್ರ ಅಲ್ಲ ಅನ್ನೋದು ಸ್ವೀಡನ್‌ನೋರಿಗೆ 1953ರಲ್ಲಿ ಗೊತ್ತಾಯ್ತು, ಆಲ್ವೆಸ್ಟಾ ಅನ್ನೋ ಊರಿನ ಕಸಾಯಿಖಾನೆ ಮಾಂಸದಿಂದ ಸಾಲ್ಮೊನೆಲ್ಲಾ ಹರಡಿ ಸುಮಾರು 9000 ಜನ ಮಲಗಿದ್ರು, 90ರಷ್ಟು ಜನ ತೀರ್ಕೊಂಡ್ರು. ಡೆನ್ಮಾರ್ಕ್‌ನೋರು 1995ರಿಂದ ಕಡಿದ ಹಂದಿದು ಚೂರು ಮಾಂಸ ಫ್ರೀಜ್ ಮಾಡಿ, ಕರಗಿಸಿ, ತೊಟ್ಟಿಕ್ಕೋ ರಸದಲ್ಲಿ ಆಂಟಿಬಾಡಿ ನೋಡ್ತಾರೆ, ಅದ್ರ ಮೇಲೆ ಒಂದೊಂದು ಫಾರಂಗೂ ಒಂದು, ಎರಡು, ಮೂರು ಅಂತ ದರ್ಜೆ. ಮೂರನೇ ದರ್ಜೆ ಆದ್ರೆ ದುಡ್ಡು ಕಟ್. ಅದು ಈಗ ಕಾಯಿಲೆ ಇದೆಯಾ ಅಂತ ಹೇಳಲ್ಲ, ಯಾವಾಗಲೋ ತಗುಲಿತ್ತು ಅಂತ ಹೇಳುತ್ತೆ. ಫಾರಂ ಅಳೆಯೋಕೆ ಸರಿ, ಒಂದು ಹಂದಿಗೆ ಮದ್ದು ಕೊಡೋಕೆ ಆಗಲ್ಲ.

ಬ್ರಾಕಿಸ್ಪೈರಾ ಬೇಗ ಹೇಳಿ ಮುಗಿಸ್ತೀನಿ, ಸಾಂಬಾರ್ ಬಿಸಿ ಇದೆ ಅಂತ ಸನ್ನೆ ಮಾಡ್ತಿದಾರೆ. ಬೆಳೆಯೋ ಹಂದಿ, ಲೋಳೆ, ಲೋಳೇಲಿ ರಕ್ತದ ಎಳೆ, ದೊಡ್ಡ ಕರುಳು ಮಾತ್ರ ಕೆಟ್ಟಿದೆ, ಸಣ್ಣ ಕರುಳು ಸರಿಯಿದೆ. ಕಾಯಿಲೆ ಗೊತ್ತಾಗಿದ್ದು 1921ರಲ್ಲಿ, ಕ್ರಿಮಿ ಸಿಕ್ಕಿದ್ದು 1971-72ರಲ್ಲಿ, ಅಲ್ಲೀವರೆಗೂ ಬೇರೆ ಒಂದರ ಮೇಲೆ ಆರೋಪ. ಸಿಕ್ಕ ಮೇಲೂ ಅದಕ್ಕೆ ಮೂರು ಸಲ ಹೆಸರು ಬದಲಾಯ್ತು. ಗಾಳಿ ತಾಗಿದ್ರೆ ಬೆಳೆಯಲ್ಲ, ಆಮ್ಲಜನಕ ತೆಗೆದ ಜಾರಲ್ಲಿ ರಕ್ತದ ಪ್ಲೇಟ್ ಮೇಲೆ ದಿನಗಟ್ಟಲೆ ಕಾಯ್ಬೇಕು. ಚುಕ್ಕೆ ಚುಕ್ಕೆಯಾಗಿ ಕಾಣಲ್ಲ, ಎಣ್ಣೆ ಬಿದ್ದ ಕಾಗದದ ಥರ ಪ್ಲೇಟಲ್ಲಿ ಅಲ್ಲಲ್ಲಿ ತಿಳಿಯಾಗಿ ಕಾಣುತ್ತೆ, ಗೊತ್ತಿಲ್ಲದೋರು ಏನೂ ಬೆಳೆದಿಲ್ಲ ಅಂತ ಬಿಸಾಕ್ತಾರೆ. ಲೋಳೆ ಇರೋ ಭಾಗನೇ ಕಳಿಸಿ, ಫ್ರೀಜರಿಗೆ ಹಾಕ್ಬೇಡಿ. ಜೊತೆಗೆ ಅದೇ ಮಲನ ಜಂತುಹುಳದ ಮೊಟ್ಟೆಗೂ ನೋಡಿಸಿ, ಮಣ್ಣಲ್ಲಿ ಬಿಟ್ಟು ಸಾಕೋ ಹಂದಿಗಳಲ್ಲಿ ಚಾಟಿ ಹುಳ ಹೀಗೇ ರಕ್ತ ಲೋಳೆ ಮಾಡುತ್ತೆ.

ಎಷ್ಟು ಹಂದಿ ನೋಡ್ಬೇಕು ಅಂತ ಕೇಳ್ತೀರ. ನೂರಕ್ಕೆ ಹತ್ತು ಹಂದಿಗೆ ಇದೆ ಅಂದ್ಕೊಳ್ಳಿ, ದೊಡ್ಡ ಫಾರಂ. ಒಂದು ಹಂದಿ ನೋಡಿದ್ರೆ ತಪ್ಪಿಸ್ಕೊಳ್ಳೋ ಸಾಧ್ಯತೆ 90 ಪರ್ಸೆಂಟ್. ಹತ್ತು ಹಂದಿ ನೋಡಿದ್ರೂ 35. 29 ಹಂದಿ ನೋಡಿದ್ರೆ 5ಕ್ಕಿಂತ ಕೆಳಗೆ ಬರುತ್ತೆ. ಅದೂ ಟೆಸ್ಟು ಒಂದನ್ನೂ ಬಿಡದೆ ಹಿಡಿಯುತ್ತೆ ಅಂತ ಇಟ್ಕೊಂಡ್ರೆ, ಯಾವ ಟೆಸ್ಟೂ ಹಾಗಿಲ್ಲ. ಹಾಗಾಗಿ ಎರಡು ಹಂದಿ ನೆಗೆಟಿವ್ ಬಂತು, ನಮ್ಮ ಫಾರಂ ಕ್ಲೀನ್ ಅಂತ ವಾಟ್ಸಾಪ್ ಸ್ಟೇಟಸ್ ಹಾಕ್ಬೇಡಿ.

ಕೊಲಿಸ್ಟಿನ್ ಅಂದೆನಲ್ಲ ಆಗ. 2015ರಲ್ಲಿ ಚೀನಾದಲ್ಲಿ ಹಂದಿಯ ಇ. ಕೋಲೈಯಲ್ಲಿ ಎಂಸಿಆರ್-1 ಅಂತ ಜೀನ್ ಸಿಕ್ಕಿದ ಸುದ್ದಿ ಬಂತು, ಕೊಲಿಸ್ಟಿನ್‌ಗೆ ಬಗ್ಗದ ಹಾಗೆ ಮಾಡೋ ಜೀನು, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಕೈ ಬದಲಾಯಿಸೋ ಅಂಥದ್ದು. ಮನುಷ್ಯರಿಗೆ ಐಸಿಯುನಲ್ಲಿ ಬೇರೆ ಯಾವುದೂ ಕೆಲಸ ಮಾಡದೆ ಇದ್ದಾಗ ಕೊಡೋ ಕೊನೇ ಔಷಧಿ ಅದು. ನಮ್ಮ ದೇಶದಲ್ಲಿ 2019ರ ಜುಲೈಲಿ ಆಹಾರಕ್ಕೆ ಸಾಕೋ ಪ್ರಾಣಿಗಳಿಗೆ ಅದನ್ನ ಮಾರೋದು ನಿಲ್ಲಿಸಿದ್ರು. ಹಾಸನದವ್ರ ಐದು ತಿಂಗಳು ನೆನೆಸ್ಕೊಂಡ್ರೆ ನನಗೆ ಅವ್ರ ದುಡ್ಡಿಗಿಂತ ಇದು ಕೊರೆಯುತ್ತೆ.

ಇನ್ನೊಂದು ಎಚ್ಚರಿಕೆ, ತಮಾಷೆ ಇಲ್ಲದೆ. ದೊಡ್ಡ ಹಂದಿಗಳು ಜ್ವರ ಬಂದು, ಕಿವಿ ಹೊಟ್ಟೆ ಕೆಂಪಾಗಿ, ರಕ್ತ ಭೇದಿ ಆಗಿ ಒಂದರ ಹಿಂದೆ ಒಂದು ಸಾಯ್ತಿದ್ರೆ ಬಿಡಿಸಿ ನೋಡೋಕೆ ಹೋಗ್ಬೇಡಿ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲದ ಮೂಲಕ ನಮ್ಮ ದೇಶಕ್ಕೆ ಬಂದಿದೆ. ರಕ್ತ ಚೆಲ್ಲಿದ್ರೆ ಅದೇ ಹರಡುತ್ತೆ. ಹಂದಿ ಸಾಗಿಸೋದು ನಿಲ್ಲಿಸಿ, ಸರ್ಕಾರಿ ಪಶು ಆಸ್ಪತ್ರೆಗೆ ಫೋನ್ ಮಾಡಿ, ಹೋಟೆಲ್ ಮುಸುರೆ ತರೋ ಡ್ರಮ್ಮು ಅವತ್ತೇ ಬಂದ್ ಮಾಡಿ.

ಪ್ರಶ್ನೆಗಳು ಸುಮಾರು ಬಂದ್ವು, ಎರಡು ಬರೀತೀನಿ. ಒಬ್ಬ ಹುಡುಗ ಕೇಳ್ದ, "ಸಾರ್, ಮಲದ ಫೋಟೋ ವಾಟ್ಸಾಪಲ್ಲಿ ಕಳಿಸ್ತೀವಿ, ನೋಡಿ ಹೇಳಕ್ಕಾಗಲ್ವಾ?" ಈಗಲೇ ದಿನಾ ಬೆಳಗ್ಗೆ ನನ್ನ ಫೋನಲ್ಲಿ ಗುಡ್ ಮಾರ್ನಿಂಗ್ ಹೂವಿನ ಮಧ್ಯ ಅವೇ ಇರ್ತವೆ ಅಂದೆ. ಫೋಟೋದಿಂದ ಬಣ್ಣ ಗೊತ್ತಾಗುತ್ತೆ, ರಕ್ತ ಲೋಳೆ ಗೊತ್ತಾಗುತ್ತೆ, ಕ್ರಿಮಿ ಗೊತ್ತಾಗಲ್ಲ. ಕರಿ ಟಾರ್ ಥರ ಹೋಗೋದು ಲಾಸೋನಿಯಾದ ಜೋರು ರೂಪಾನೂ ಇರಬಹುದು, ಜಠರದ ಹುಣ್ಣೂ ಇರಬಹುದು, ಫೋಟೋದಲ್ಲಿ ಎರಡೂ ಒಂದೇ. ಆದ್ರೆ ಕಳಿಸಿ, ಜೊತೆಗೆ ಹಂದಿ ಮನೆ ಪೂರ್ತಿ ಕಾಣೋ ಹಾಗೆ ಒಂದು ಫೋಟೋ ಕಳಿಸಿ, ನನಗೆ ಮಲಕ್ಕಿಂತ ಅದು ಜಾಸ್ತಿ ಹೇಳುತ್ತೆ.

ಕೊನೇಲಿ ಹಿಂದಿನ ಸಾಲಿಂದ ಒಬ್ರು ಯಜಮಾನ್ರು, "ಭಾನುವಾರ ಮರಿ ಸತ್ರೆ ಏನ್ ಮಾಡೋದು ಡಾಕ್ಟ್ರೇ, ಲ್ಯಾಬು ಬಾಗಿಲು ಹಾಕಿರುತ್ತೆ?" ಕರುಳಿನ ಸಣ್ಣ ತುಂಡು, ಎರಡು ಮೂರು ಜಾಗದಿಂದ, ಹತ್ತು ಪಾಲು ಫಾರ್ಮಲಿನ್ನಲ್ಲಿ ಹಾಕಿಡಿ, ಬೆಳಗ್ಗೆ ಸತ್ತಿದ್ದನ್ನ ಸಂಜೆ ಹಾಕಿದ್ರೆ ಉಪಯೋಗ ಇಲ್ಲ, ಕೂಡ್ಲೇ ಹಾಕ್ಬೇಕು. ಇನ್ನೊಂದು ಕಟ್ಟಿದ ತುಂಡು ಫ್ರಿಡ್ಜ್ ಕೆಳಗಡೆ ಇಡಿ, ಮೇಲಿನ ಫ್ರೀಜರಲ್ಲಿ ಬೇಡ, ಸೋಮವಾರ ಬೆಳಗ್ಗೆ ತನಕ ನಡೆಯುತ್ತೆ ಅಂದೆ. ಅವ್ರ ಪಕ್ಕ ಕೂತಿದ್ದ ಅವ್ರ ಮನೆಯೋರು ತಟ್ಟಂತ, "ನನ್ ಫ್ರಿಡ್ಜಲ್ಲಿ ಹಂದಿ ಕರುಳಿಟ್ರೆ ಇವ್ರನ್ನೇ ನಿಮ್ ಲ್ಯಾಬಿಗೆ ಕಳಿಸ್ತೀನಿ ಡಾಕ್ಟ್ರೇ, ಐಸ್ ಹಾಕಿ." ಅವ್ರು ಹೇಳಿದ್ದೂ ಸರಿ. ಊಟದ ಪದಾರ್ಥ ಇರೋ ಫ್ರಿಡ್ಜಲ್ಲಿ ಅದನ್ನ ಇಡೋ ಹಾಗೇ ಇಲ್ಲ, ಹೇಳಬಾರದಿತ್ತು, ನನ್ನದೇ ತಪ್ಪು ಅಂತ ಒಪ್ಕೊಂಡೆ. ಮೀನಂಗಡೀಲಿ ಥರ್ಮಾಕೋಲ್ ಡಬ್ಬಿ ಸಿಗುತ್ತೆ, ಐಸೂ ಅಲ್ಲೇ ಸಿಗುತ್ತೆ, ಭಾನುವಾರ ಅಂತೂ ಖಂಡಿತ ತೆಗೆದಿರುತ್ತೆ. ಎರಡು ಕವರ್ ಹಾಕಿ ಕಟ್ಟಿ, ಕೈ ಸೋಪಲ್ಲಿ ತೊಳ್ಕೊಳ್ಳಿ, ಡಬ್ಬಿ ಮೇಲೆ ಮರಿ ಹುಟ್ಟಿ ಎಷ್ಟು ದಿನ ಅಂತ ಬರೀರಿ. ಚಿಕ್ಕದು ಅಂತ ಬರೀಬೇಡಿ.